ಒಂದು ಅಕ್ಷರಕ್ಕೆ ಒಂದು ಡಾಲರ್

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅವುಗಳಲ್ಲಿ ಒಂದೇ ಒಂದು ಬದಲಾಗಿ, ಆ ಬದಲಾವಣೆ ಅಪ್ಪ ಅಮ್ಮ ಇಬ್ಬರಿಂದಲೂ ಮಗುವಿಗೆ ಬಂದರೆ ಸಾಕು, ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಮೂಳೆಯ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ಹುಟ್ಟಿಸುತ್ತದೆ, ಅಷ್ಟರಲ್ಲೂ ಅದೇ ದೋಷ. ಕೊಡಗಿನ ಹಾಡಿಗಳ ಬುಡಕಟ್ಟು ಮನೆಗಳಿಗೆ ಈ ಸಿಕಲ್ ಸೆಲ್ ನೋವು ಹೊಸದಲ್ಲ.

ಇನ್ನೊಂದು 300 ಕೋಟಿಯ ಕತೆ ಕ್ಯಾಲಿಫೋರ್ನಿಯಾದ್ದು. ರಾಬರ್ಟ್ ಕ್ಲೈನ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನು ಓದಿದವರು. ದುಡಿದದ್ದು ಬಡವರ ಮನೆಗಳಿಗೆ ಸಾಲದ ಹಣ ಹೊಂದಿಸುವ ವ್ಯವಹಾರದಲ್ಲಿ. 2001ರಲ್ಲಿ ಕಿರಿಯ ಮಗನಿಗೆ ಟೈಪ್ 1 ಮಧುಮೇಹ ಇರುವುದು ಗೊತ್ತಾಯಿತು. ಅದೇ ವರ್ಷ ಅಧ್ಯಕ್ಷ ಬುಷ್ ಭ್ರೂಣದ ಕಾಂಡಕೋಶ ಸಂಶೋಧನೆಗೆ ಕೇಂದ್ರದ ಹಣವನ್ನು ಬಿಗಿಹಿಡಿದರು. ಕ್ಲೈನ್ ದೇಣಿಗೆ ಎತ್ತಲು ಹೊರಡಲಿಲ್ಲ, ರಾಜ್ಯವೇ ಸಾಲ ಎತ್ತಿ ಸಂಶೋಧನೆಗೆ ಕೊಡುವ ದಾರಿ ಹಿಡಿದರು. ಮನೆಯಲ್ಲಿ ಮೂವತ್ತು ವರ್ಷ ಬಾಳುವವರು ಮೂವತ್ತು ವರ್ಷ ಕಂತು ಕಟ್ಟುತ್ತಾರೆ. ಚಿಕಿತ್ಸೆಯ ಫಲ ಉಣ್ಣುವುದು ಮುಂದಿನ ತಲೆಮಾರು, ಹಾಗಾದರೆ ಅದರ ಖರ್ಚಿನಲ್ಲಿ ಅವರಿಗೂ ಪಾಲಿರಲಿ ಎಂಬುದು ಅವರ ವಾದ. ನನ್ನನ್ನು ಬೆರಗುಗೊಳಿಸುವುದು ಮೊತ್ತಕ್ಕಿಂತ ಹೆಚ್ಚಾಗಿ ಈ ಯೋಚನೆಯೇ.

2004ರ ನವೆಂಬರ್‌ನಲ್ಲಿ ಈ ಸಾಲದ ಪ್ರಸ್ತಾವದ ಮೇಲೆ ಕ್ಯಾಲಿಫೋರ್ನಿಯಾದ ಜನ ಮತ ಹಾಕಿದರು. ಪರವಾಗಿ ಬಂದದ್ದು ಸುಮಾರು 70 ಲಕ್ಷ ಮತ, ನಮ್ಮ ಕೊಡಗಿನಂಥ ಹನ್ನೆರಡಕ್ಕೂ ಹೆಚ್ಚು ಜಿಲ್ಲೆಗಳ ಇಡೀ ಜನಸಂಖ್ಯೆ. ಮಂಜೂರಾದ ಬಾಂಡ್ ಸಾಲ 300 ಕೋಟಿ ಡಾಲರ್, ಡಿಎನ್‌ಎಯ ಅಕ್ಷರಕ್ಕೊಂದು ಡಾಲರ್. ಅದರ ವಿರುದ್ಧ ಹೂಡಿದ ಮೊಕದ್ದಮೆಗಳು ಮುಗಿಯುವಷ್ಟರಲ್ಲಿ 2007 ಬಂದಿತ್ತು. ಆದರೂ ಹಣ ಕೆಲಸ ಮಾಡಿತು: ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ 50 ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟ ಪ್ರಯೋಗಗಳಿಗೂ ಅದರ ನೆರವಿತ್ತು. 50ರಲ್ಲಿ 48 ಮಕ್ಕಳಿಗೆ ಚಿಕಿತ್ಸೆ ಹಿಡಿಯಿತು, 50 ಮಕ್ಕಳೂ ಬದುಕಿದರು.

ಕ್ಯಾಲಿಫೋರ್ನಿಯಾದ ತಲೆಗೆ ಬಿದ್ದ ಹೊರೆ ಬಡ್ಡಿ ಬಿಟ್ಟು ಸುಮಾರು 83 ಡಾಲರ್. ಅಂದಿನ ರೂಪಾಯಿ ಲೆಕ್ಕದಲ್ಲಿ ಅದೇ ಹೊರೆಯನ್ನು 2011ರ ಜನಗಣತಿಯ 5,54,519 ಕೊಡಗಿನವರಿಗೆ ಹಂಚಿದರೆ 200 ಕೋಟಿ ರೂಪಾಯಿಯ ಆಸುಪಾಸಾಗುತ್ತದೆ. ಆಗದ ಮಾತು ಎನ್ನಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕೆ ಕ್ರಿಸ್ ಗೋಪಾಲಕೃಷ್ಣನ್, ಸುಧಾ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಒಂದೇ ಕೊಟ್ಟದ್ದು 225 ಕೋಟಿ.

ಆದರೆ ಬೆಲೆ ನೋಡಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಸಿಕಲ್ ಸೆಲ್‌ನ, ಜೀನ್ ತಿದ್ದುವ ಕ್ರಿಸ್ಪರ್ ಚಿಕಿತ್ಸೆಗೆ ಆಗ ನಿಗದಿಯಾದದ್ದು ತಲಾ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಇಡೀ ಕೊಡಗು ಕೂಡಿಸಿದ 200 ಕೋಟಿ ಹನ್ನೊಂದು ಜನಕ್ಕೆ ಮುಗಿಯುತ್ತದೆ. ಅದೇ ವರ್ಷ ಶುರುವಾದ ನಮ್ಮ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಇಟ್ಟುಕೊಂಡ ಗುರಿಯೋ 7 ಕೋಟಿ ಜನರ ರಕ್ತ ಪರೀಕ್ಷೆ.

2020ರಲ್ಲಿ ಕ್ಲೈನ್ ಮತ್ತೆ ಜನರ ಮುಂದೆ ಹೋದರು. ಈ ಸಲ 550 ಕೋಟಿ ಡಾಲರ್. ಗೆದ್ದದ್ದು ಶೇ 51ರ ಅಂಚಿನಲ್ಲಿ. ಚಿಕಿತ್ಸೆ ರೋಗಿಯ ಕೈಗೆಟುಕುವ ದಾರಿ ಹುಡುಕಲೆಂದೇ ಒಂದು ಕಾರ್ಯತಂಡ ಇರಬೇಕೆಂದು ಆ ಕಾನೂನಿನಲ್ಲೇ ಬರೆಸಿದರು. ಕಾಫಿ ತೋಟದ ಕೂಲಿಯಲ್ಲಿ ಬದುಕುವ ಹಾಡಿಯ ರೋಗಿಯ ಕಡೆಯಿಂದ ನೋಡಿದರೆ, 550 ಕೋಟಿಗಿಂತ ತೂಕದ್ದು ಆ ಕಲಮೇ.