ಸೂರ್ಯನನ್ನು ಹೊರಗಟ್ಟುವ ಕನ್ನಡಿ

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣದ ಹೊತ್ತಿನಲ್ಲಿ ಹುಣಸೂರು, ಕೆ.ಆರ್. ನಗರದ ಕಡೆ ಸೂರ್ಯ ಕುಡುಗೋಲಿನಂತೆ ಸವೆದಿದ್ದ. ನಾಗರಹೊಳೆ ಕಾಡಿನಾಚೆ, ಕೊಡಗಿನ ಕುಟ್ಟದಲ್ಲಿ ಪೂರ್ತಿ ಕಂಕಣವೇ ಕಂಡಿತು. ಆ ಹೊಳೆಯುವ ಕಂಕಣವೇ ಸೂರ್ಯನ ಹೊರ ವಾತಾವರಣವಾದ ಕರೋನಾ ಎಂಬ ನಂಬಿಕೆ ಇವತ್ತಿಗೂ ಇದೆ. ಆದರೆ ಅದು ಸೂರ್ಯಬಿಂಬದ್ದೇ ಅಂಚು. ಬಿಂಬವನ್ನು ಸುತ್ತುವರಿದ ಕರೋನಾದ ಬೆಳಕು ಬಿಂಬದ ಬೆಳಕಿನ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಬಿಂಬದ ತೆಳು ಅಂಚು ಉಳಿದರೂ ಸಾಕು, ಕರೋನಾ ಕಣ್ಣಿಗೆ ಬೀಳದು.

ದೊಡ್ಡ ದೂರದರ್ಶಕವಿದ್ದರೆ ಕಂಡೀತು ಎನ್ನುವುದು ಇನ್ನೊಂದು ತಪ್ಪು. ದೂರದರ್ಶಕ ದೊಡ್ಡದಾದಷ್ಟೂ ಬಿಂಬದ ಬೆಳಕೂ ಹೆಚ್ಚಾಗಿಯೇ ಒಳಬರುತ್ತದೆ.

2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿರುವ ವಿಇಎಲ್‌ಸಿ ಎಂಬ ಕರೋನಾಗ್ರಾಫ್, ಅಂದರೆ ಕರೋನಾ ನೋಡುವ ಉಪಕರಣ, ಇದಕ್ಕೆ ಬೇರೆಯದೇ ದಾರಿ ಹಿಡಿದಿದೆ. ಅದನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಜೋಡಿಸಿದ್ದು ಹೊಸಕೋಟೆಯಲ್ಲಿ. ಬೆಳಕು ಒಳಬರುವ ಕಿಂಡಿಯ ವ್ಯಾಸ ಬರೀ 147 ಮಿಲಿಮೀಟರ್. ಮೊದಲ ಕನ್ನಡಿ ಸೂರ್ಯನ ಬಿಂಬವನ್ನು ಎರಡನೆಯ ಕನ್ನಡಿಯ ಮೇಲೆ ಮೂಡಿಸುತ್ತದೆ. ಈ ಎರಡನೆಯ ಕನ್ನಡಿಯ ನಡುವೆ ಬೇಕೆಂದೇ ಕೊರೆದ ತೂತಿದೆ! ಬಿಂಬದ ಬೆಳಕು ಆ ತೂತಿನಲ್ಲಿ ನುಸುಳಿ, ಮೂರನೆಯ ಕನ್ನಡಿಗೆ ಬಡಿದು ಉಪಕರಣದಿಂದಲೇ ಹೊರಬೀಳುತ್ತದೆ. ಸುತ್ತಲಿನ ಕರೋನಾದ ಬೆಳಕು ಮಾತ್ರ ಪ್ರತಿಫಲಿಸಿ ಮುಂದೆ ಸಾಗುತ್ತದೆ. ಬಿಂಬವನ್ನು ಪೂರ್ತಿ ಮುಚ್ಚುವ ಗ್ರಹಣಕ್ಕೆ ಕಾಯಬೇಕಿಲ್ಲ, ಚಂದ್ರನ ಹಂಗೂ ಇಲ್ಲ. ಇಲ್ಲಿ ಮೊದಲ ಕನ್ನಡಿಯ ನುಣುಪೇ ಪ್ರಾಣ: ಒಂದು ಗೀರು, ಒಂದು ಕಣ ಧೂಳು ಚದುರಿಸುವ ಬೆಳಕೇ ಕರೋನಾವನ್ನು ಮುಚ್ಚಿಹಾಕಬಲ್ಲದು. ಧೂಳುರಹಿತ ಕೊಠಡಿಯಲ್ಲಿ ಕೆಲಸ ನಡೆದದ್ದು ಅದಕ್ಕೇ.

ಬಾಹ್ಯಾಕಾಶದ ಕನ್ನಡಿಗೆಲ್ಲ ಚಿನ್ನದ ಲೇಪವೇ ಶ್ರೇಷ್ಠ ಎಂಬ ಮಾತೂ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಿಂದ ಹಬ್ಬಿದೆ. ಅವಗೆಂಪು ಕಿರಣಗಳಿಗೆ ಚಿನ್ನ ಸರಿಯೇ. ಆರೂವರೆ ಮೀಟರ್ ಅಗಲದ ಆ ಕನ್ನಡಿಗೆ ಬಳಸಿದ ಚಿನ್ನ 50 ಗ್ರಾಂ ಕೂಡ ಇಲ್ಲ. ನೇರಳಾತೀತ ಕಿರಣವನ್ನು ಮಾತ್ರ ಚಿನ್ನ ಬಹುಪಾಲು ಹೀರಿಬಿಡುತ್ತದೆ. ಹಾಗಾಗಿ 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಯುವಿಐಟಿ ಎಂಬ ನೇರಳಾತೀತ ದೂರದರ್ಶಕದ ಕನ್ನಡಿಗಳಿಗೆ ಅಲ್ಯೂಮಿನಿಯಂ ಬಳಿದು, ಅದು ಆಮ್ಲಜನಕದೊಡನೆ ಬೆರೆತು ಮಂಕಾಗದಂತೆ ಮೆಗ್ನೀಸಿಯಂ ಫ್ಲೋರೈಡ್‌ನ ತೆಳುಪದರ ಕೊಡಲಾಯಿತು. ಇಂಥ ಭಾಗಗಳೆಲ್ಲ ಹೊರದೇಶದಿಂದಲೇ ಬರಬೇಕು ಎನ್ನುವವರು ಗಮನಿಸಲಿ: ಆ ಕನ್ನಡಿಗಳು ತಯಾರಾದದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ.

ಆದಿತ್ಯ-ಎಲ್1 ಕಳಿಸಿದ ಮಾಹಿತಿಯನ್ನು ಇಸ್ರೋ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳು ಅದನ್ನು ಇಳಿಸಿಕೊಂಡು ಮಕ್ಕಳ ಮುಂದೆ ತೆರೆದಿಡಬೇಕು.