ಮಕ್ಕಳ ಕೈ ಹಿಡಿಯೋಣ, ಕಟ್ಟುವುದು ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬಳಿಕ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹಾಸಿಗೆಯ ಸುರುಳಿ, ತಗಡಿನ ಪೆಟ್ಟಿಗೆ ಹಿಡಿದ ಅಪ್ಪಂದಿರು ಮುಂದೆ. ತಲೆ ತಗ್ಗಿಸಿದ ಹದಿನಾರರ ಹುಡುಗ ಹುಡುಗಿಯರು ಹಿಂದೆ. ಕೆಲವರ ಬಸ್ಸು ಬೀದರಿಗೆ, ಕೆಲವರದು ಕಲಬುರಗಿಗೆ, ಹೈದರಾಬಾದಿಗೆ. ಬಸವಕಲ್ಯಾಣದ ಕಡೆಯವರಾದರೆ ಲಾತೂರಿಗೆ. ಊರು ಬೇರೆಯಾದರೂ ಗುರಿ ಒಂದೇ: ನೀಟ್. ಈ ಪಯಣವನ್ನು ನಿರ್ಧರಿಸಿದವರು ಯಾರು ಎಂದು ಕೇಳಿದರೆ ಬಹುತೇಕ ಅಪ್ಪಂದಿರ ಉತ್ತರವೂ ಒಂದೇ: ‘ಎಲ್ಲ ಅವರ ಒಳ್ಳೇದಕ್ಕೇ ಅಲ್ಲವೇ?’

ಕೆಲವು ವರ್ಷಗಳ ಹಿಂದೆ ಆ ಸಾಲಿನಲ್ಲಿ ನಾನೂ ಇದ್ದೆ. ಮಗನ ಪ್ರವೇಶ ಅರ್ಜಿಯನ್ನು ನಾನೇ ತುಂಬಿ, ಸಹಿ ಮಾಡುವ ಜಾಗವನ್ನಷ್ಟೇ ಅವನಿಗೆ ತೋರಿಸಿದ್ದೆ. ಹೊರಡುವ ಮುನ್ನ ಮನೆಮಂದಿಯೆಲ್ಲ ಮೊಣಕಾಲೂರಿ ಅವನ ಭವಿಷ್ಯಕ್ಕಾಗಿ ಪ್ರಾರ್ಥಿಸಿದ್ದೆವು. ಆ ಪ್ರಾರ್ಥನೆಯಲ್ಲಿ ದೇವರಿಗೆ ನನ್ನ ಇಷ್ಟವನ್ನು ತಿಳಿಸಿದ್ದೆನೇ ಹೊರತು, ಮಗನ ಇಷ್ಟವೇನೆಂದು ನನಗೇ ಗೊತ್ತಿರಲಿಲ್ಲ. ಎಂಟು ತಿಂಗಳ ನಂತರ ಒಂದು ರಾತ್ರಿ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: ‘ಅಪ್ಪಾ, ನನಗ ಇಲ್ಲಿ ನಿದ್ದಿ ಬರವಲ್ದು.’ ಮರುದಿನವೇ ಹೋಗಿ ಕರೆತಂದೆ. ಆ ಮಾತನ್ನು ಹೇಳುವ ಧೈರ್ಯ ಅವನಿಗೆ ಬಂದದ್ದು ದೇವರ ಕೃಪೆ ಎಂದೇ ಇಂದಿಗೂ ಭಾವಿಸುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಕಾರಣಗಳು ಹಲವಿರಬಹುದು. ಆದರೆ ಮನೆಗೆ ಫೋನು ಮಾಡಿ ಮನಸ್ಸು ಬಿಚ್ಚಿ ಹೇಳಲಾಗದೆ ಹೋದ ಮಕ್ಕಳು ಅವರಲ್ಲಿ ಎಷ್ಟು ಮಂದಿಯೋ!

ತಂದೆತಾಯಿಗಳ ಆತಂಕ ಆಧಾರವಿಲ್ಲದ್ದಲ್ಲ. ಬೀದರ್ ಸೀಮೆಯ ಕ್ರೈಸ್ತರಲ್ಲಿ ಬಹುಪಾಲು ಮೆಥೋಡಿಸ್ಟ್ ಸಭೆಗೆ ಸೇರಿದವರು. ಅವರ ಹಿರಿಯರಲ್ಲಿ ಅನೇಕರು ಊರ ಹೊರಗೆ ಬದುಕಿದವರು, ಬೇರೆಯವರ ಹೊಲದಲ್ಲಿ ದುಡಿದವರು. ಮಿಷನ್ ಶಾಲೆಯ ಸ್ಲೇಟು ಬಳಪವೇ ಅವರ ಮಕ್ಕಳ ಪಾಲಿಗೆ ಬಿಡುಗಡೆಯ ಬಾಗಿಲಾಯಿತು. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಇಂಥ ಹಿನ್ನೆಲೆಯಿಂದ ಬಂದ ತಂದೆಗೆ ಮಗಳ ಕೊರಳಲ್ಲಿ ಸ್ಟೆತಾಸ್ಕೋಪು ಕಾಣುವ ಆಸೆ ಹುಟ್ಟಿದರೆ ಅದನ್ನು ಹಗುರವಾಗಿ ಕಾಣಲಾಗದು. ಆದರೆ 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಉಳಿದ ಮಕ್ಕಳೆಲ್ಲ ಸೋತವರೆಂದು ಬಗೆಯುವ ಮನೆಯಲ್ಲಿ ಬಿಡುಗಡೆಯ ಬಾಗಿಲೇ ಸೆರೆಮನೆಯ ಬಾಗಿಲಾಗುತ್ತದೆ.

ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಆ ಆಜ್ಞೆಯ ಬೆನ್ನಿಗೇ, ತಂದೆಗಳು ಮಕ್ಕಳನ್ನು ಕೆರಳಿಸಬಾರದೆಂಬ ಎಚ್ಚರಿಕೆಯೂ ಇದೆ. ಅದನ್ನು ನಮಗೆ ನಾವು ಪಾಠ ಮಾಡಿಕೊಂಡದ್ದು ಕಡಿಮೆ. ಯೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನ ಅಗತ್ಯವೇನೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು. ಆದರೂ ತನ್ನಿಂದ ಏನಾಗಬೇಕೆಂದು ಯೇಸು ಅವನನ್ನೇ ಕೇಳಿದ. ಸಹಾಯಕ್ಕಿಂತ ಮೊದಲು ಪ್ರಶ್ನೆ ಬಂತು. ಆ ಪ್ರಶ್ನೆಯಲ್ಲಿ ಗೌರವವಿತ್ತು. ಲೂಕನ ಸುವಾರ್ತೆಯ ದುಂದುಗಾರ ಮಗನ ಸಾಮ್ಯದಲ್ಲೂ ತಂದೆ ಮಗನನ್ನು ಕಟ್ಟಿಹಾಕುವುದಿಲ್ಲ. ಪಾಲು ಕೊಟ್ಟು ಕಳಿಸುತ್ತಾನೆ. ಆದರೆ ಮರಳಿ ಬರುವ ಮಗನನ್ನು ದೂರದಿಂದಲೇ ಗುರುತಿಸಿ ಓಡಿಹೋಗಿ ಅಪ್ಪಿಕೊಳ್ಳುವವನೂ ಅವನೇ.

ಮೆಥೋಡಿಸ್ಟ್ ಚಳವಳಿಯ ಪ್ರವರ್ತಕ ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು; ಉಳಿದದ್ದು ಸುಮಾರು ಅರ್ಧದಷ್ಟು ಮಾತ್ರ. ಮಗುವಿನ ಹಟವನ್ನು ಎಳವೆಯಲ್ಲೇ ಮುರಿಯಬೇಕೆಂದು ನಂಬಿದ್ದ ಕಟ್ಟುನಿಟ್ಟಿನ ತಾಯಿ ಆಕೆ. ಆ ಮಾತನ್ನು ಇಂದು ಒಪ್ಪುವುದು ಕಷ್ಟ. ಆದರೆ ಅದೇ ತಾಯಿ ವಾರದಲ್ಲಿ ಒಂದು ಸಂಜೆ ಒಂದು ಮಗುವಿಗೆಂದು ಮೀಸಲಿಟ್ಟು, ಒಬ್ಬೊಬ್ಬರೊಡನೆಯೂ ಪ್ರತ್ಯೇಕವಾಗಿ ಕುಳಿತು ಮಾತನಾಡುತ್ತಿದ್ದಳು. ಜಾನನ ಪಾಲಿಗೆ ಬಂದದ್ದು ಗುರುವಾರ. ದೊಡ್ಡವನಾಗಿ ಮನೆ ಬಿಟ್ಟ ಮೇಲೂ ಅವನು ಹಂಬಲಿಸಿ ನೆನೆದದ್ದು ಶಿಸ್ತನ್ನಲ್ಲ, ಆ ಗುರುವಾರದ ಹೊತ್ತನ್ನು.

ಇನ್ನು ಬಸವಕಲ್ಯಾಣದ ನೆಲಕ್ಕೆ ಈ ಪ್ರಶ್ನೆ ಹೊಸತೇ? ಬಸವಪುರಾಣದ ಕಥನದಂತೆ, ತಂದೆ ಏರ್ಪಡಿಸಿದ ಉಪನಯನವನ್ನು ಬೇಡವೆಂದು ಮನೆ ಬಿಟ್ಟು ಹೊರಟವನು ಬಾಲಕ ಬಸವಣ್ಣ. ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣಕ್ಕೆ ದೊಡ್ಡ ಹೆಸರು ತಂದವನು, ಒಂದು ಕಾಲಕ್ಕೆ ಹಿರಿಯರ ಮಾತು ಮೀರಿದ ಹುಡುಗ! ಅವನನ್ನು ಕೊಂಡಾಡುವ ನಾವು ನಮ್ಮ ಮನೆಯ ಹುಡುಗ ‘ಒಲ್ಲೆ’ ಎಂದರೆ ಏಕೆ ಸಿಡಿಯುತ್ತೇವೆ? ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು, ಪ್ರೌಢಿಮೆಗೆ ತಕ್ಕ ಬೆಲೆ ಸಿಗಬೇಕೆನ್ನುತ್ತದೆ. ಹಾಗೆಯೇ ದಾರಿ ತೋರಿಸುವ ಹೊಣೆ ತಂದೆತಾಯಿಗಳದೆಂಬುದನ್ನೂ ಮಾನ್ಯಮಾಡುತ್ತದೆ.

ಹಾಗೆಂದು ಹೇರಬಾರದೆಂದರೆ ಕೈಬಿಡುವುದೆಂದು ಅರ್ಥವಲ್ಲ. ಚುಚ್ಚುಮದ್ದು, ಶಾಲೆ, ಹೆಲ್ಮೆಟ್ಟು ಇವು ಮಗುವಿನ ಇಷ್ಟಕ್ಕೆ ಬಿಡುವ ಸಂಗತಿಗಳಲ್ಲ. ಆದರೆ ಏನು ಓದಬೇಕು, ಯಾವ ಕಸುಬು ಹಿಡಿಯಬೇಕು ಎಂಬಲ್ಲಿ ನಮ್ಮ ಕೆಲಸ ಮಾಹಿತಿ ಒದಗಿಸುವುದು, ಖರ್ಚಿನ ಲೆಕ್ಕ ಮುಚ್ಚುಮರೆಯಿಲ್ಲದೆ ಹೇಳುವುದು, ಐಟಿಐ, ಡಿಪ್ಲೊಮಾ, ನರ್ಸಿಂಗ್, ಕೃಷಿ ಓದಿದವರೊಡನೆ ಮಾತನಾಡಿಸುವುದು, ನಂತರ ಸುಮ್ಮನಿದ್ದು ಕೇಳಿಸಿಕೊಳ್ಳುವುದು. ನಂಬಿಕೆಯ ವಿಷಯದಲ್ಲೂ ಅಷ್ಟೇ. ನಮ್ಮ ಸಭೆಯಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಿಸುತ್ತೇವೆ. ಬೆಳೆದ ಮೇಲೆ ದೃಢೀಕರಣದ ವೇಳೆ ಅದೇ ಮಗು ತನ್ನ ಬಾಯಿಂದ ತಾನೇ ಒಪ್ಪಬೇಕು. ಹಿರಿಯರು ನುಡಿದ ವಾಗ್ದಾನವನ್ನು ಕಿರಿಯರು ತಮ್ಮದಾಗಿಸಿಕೊಳ್ಳಲು ಅಲ್ಲಿ ಕಾಲಾವಕಾಶವಿದೆ. ಬಲವಂತದ ‘ಆಮೆನ್’ ದೇವರಿಗಾದರೂ ಏಕೆ ಬೇಕು?

ಮರುವರ್ಷ ನನ್ನ ಮಗ ಪಾಲಿಟೆಕ್ನಿಕ್‌ನ ಅರ್ಜಿ ತಂದು ನನ್ನ ಪಕ್ಕ ಕುಳಿತ. ಒಂದೆರಡು ಕಡೆ ಏನು ಬರೆಯಬೇಕೆಂದು ಕೇಳಿದ, ಹೇಳಿದೆ. ಉಳಿದದ್ದನ್ನು ತಾನೇ ತುಂಬಿದ. ಅವನು ಡಾಕ್ಟರಾಗಲಿಲ್ಲ. ಆ ನೋವು ನನಗೆ ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು. ಆದರೆ ಈಗ ರಾತ್ರಿ ಅವನಿಗೆ ನಿದ್ದೆ ಬರುತ್ತದೆ. ಬಾರದ ದಿನ ನನಗೆ ಹೇಳುತ್ತಾನೆ. ಬರುವ ಜೂನ್‌ನಲ್ಲಿ ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾಯಲಿರುವ ಅಪ್ಪಂದಿರು ಹೊರಡುವ ಹಿಂದಿನ ರಾತ್ರಿಯಾದರೂ ಒಮ್ಮೆ ಮಕ್ಕಳನ್ನು ಕೇಳಲಿ. ಉತ್ತರ ನಮಗೆ ಒಪ್ಪಿಗೆಯಾಗದೆ ಇರಬಹುದು. ಕೇಳಿದ್ದಕ್ಕೆ ಪಶ್ಚಾತ್ತಾಪವಂತೂ ಆಗದು.