ಚಳಿಗಾಲದಲ್ಲಿ ಕೈಕಾಲು ಒಡೆಯದಿರಲಿ

ದೀಪಾವಳಿ ಮುಗಿದು ಥಂಡಿ ಗಾಳಿ ಬೀಸತೊಡಗಿದರೆ ಸಾಕು, ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: “ಕೈ ನೋಡ್ರೀ, ಹ್ಯಾಂಗ ಒರಟಾಗ್ಯಾವ! ಹಿಮ್ಮಡ ಸೀಳಿ ಕಾಲ ಊರಾಕ ಬರವಲ್ದು.” ಆದರೂ ಔಷಧೋಪಚಾರದ ಮಾತೆತ್ತಿದರೆ, “ಈ ವಯಸ್ಸಿನ್ಯಾಗ ನನಗ್ಯಾಕವ್ವಾ ಕ್ರೀಮು?” ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು. ಸಹೋದರಿಯರೇ, ಒಣ ಚರ್ಮ ಬರೀ ಅಂದಚೆಂದದ ವಿಷಯವಲ್ಲ. ಒಡೆದ ಚರ್ಮವೆಂದರೆ ಬಾಗಿಲು ತೆರೆದಿಟ್ಟ ಮನೆ. ಧೂಳು, ಸೋಂಕು ಎಲ್ಲಕ್ಕೂ ಅಲ್ಲಿ ದಾರಿ.

ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ನೇಕಾರರ ಓಣಿಗಳ ಹೆಣ್ಣುಮಕ್ಕಳಿಗೆ ಇದು ಹೊಟ್ಟೆಪಾಡಿನ ವಿಷಯವೂ ಹೌದು. ಬಟ್ಟೆ, ಪಾತ್ರೆ, ಅಡಿಗೆ ಮುಗಿಸಿ ಕಂಡಿಕೆ ಸುತ್ತಲು, ಕಡಿದ ಎಳೆ ಕೂಡಿಸಲು ಕೂತಾಗ ಬೆರಳ ತುದಿ ಒರಟಾಗಿದ್ದರೆ ನಯವಾದ ನೂಲು ಸಿಕ್ಕಿಕೊಳ್ಳುತ್ತದೆ. ಬೆರಳು ಸೀಳಿದ್ದರೆ ಸೀರೆಗೆ ರಕ್ತದ ಕಲೆ. ಎಣ್ಣೆ ಹಚ್ಚಿಕೊಂಡು ಕೂತರೆ ಎಣ್ಣೆಯ ಕಲೆ! ಇದಕ್ಕೂ ಉಪಾಯವಿದೆ. ಮೊದಲು ಕಾರಣ ತಿಳಿಯೋಣ.

ಚರ್ಮ ಯಾಕೆ ಒಣಗುತ್ತದೆ?

ಚರ್ಮದ ಮೇಲ್ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಈ ಗಾರೆ ಗಟ್ಟಿಯಿದ್ದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಬಿಸಿನೀರು, ಖಾರವಾದ ಸಾಬೂನು ಈ ಜಿಡ್ಡನ್ನು ತೊಳೆದುಬಿಡುತ್ತವೆ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಬೆಳಗಾವಿಯಲ್ಲಿ ಮಳೆಗಾಲವಿಡೀ ಗಾಳಿ ಹಸಿಯಾಗಿರುತ್ತದೆ. ಮಳೆ ಸರಿದು ಚಳಿ ಬಂತೆಂದರೆ ಅದೇ ಗಾಳಿ ಒಣಗಿ ಚರ್ಮದ ತೇವ ಹೀರುತ್ತದೆ. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಹುಟ್ಟುವುದೂ ಕಡಿಮೆ. ಅದಕ್ಕೇ ಮನೆಯ ಹಿರಿಯರಿಗೆ ತುರಿಕೆ ಹೆಚ್ಚು.

ಬಚ್ಚಲಿನಿಂದಲೇ ಆರಂಭ

ಹಂಡೆಯ ಸುಡುನೀರು ಥಂಡಿಯಲ್ಲಿ ಮೈಗೆ ಹಿತ, ಚರ್ಮಕ್ಕೆ ಅಹಿತ. ನೀರು ಉಗುರುಬೆಚ್ಚಗಿರಲಿ, ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ. ಮೈಗೆಲ್ಲ ನಿತ್ಯ ಸಾಬೂನು ಬೇಕಿಲ್ಲ. ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಕೈಕಾಲಿಗೆ ಸಾಬೂನಿನ ಬದಲು ಹೆಸರುಹಿಟ್ಟು ಅಥವಾ ಕಡಲೆಹಿಟ್ಟನ್ನು ಹಾಲಿನ ಕೆನೆಯಲ್ಲಿ ಕಲಸಿ ಮೆಲ್ಲಗೆ ಸವರಿ ತೊಳೆಯಬಹುದು. ಆದರೆ ಮೈಮೇಲೆ ಒಣಗಲು ಬಿಡಬೇಡಿ, ಒಣಗಿದ ಹಿಟ್ಟು ಚರ್ಮ ಬಿಗಿಯುತ್ತದೆ.

ಮುಖ್ಯ ಮಾತು ಇನ್ನು ಮುಂದಿದೆ. ಟಾವೆಲಿನಿಂದ ತಿಕ್ಕದೆ ಒತ್ತಿ ಒರೆಸಿಕೊಂಡು, ಮೈ ಇನ್ನೂ ತುಸು ಹಸಿಯಿರುವಾಗಲೇ, ಮೂರು ನಿಮಿಷದೊಳಗೆ, ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಬೇಕು. ಎಣ್ಣೆ ತಾನಾಗಿ ತೇವ ಕೊಡುವುದಿಲ್ಲ, ಇದ್ದ ತೇವವನ್ನು ಹಿಡಿದಿಡುತ್ತದೆ. ಪೂರ್ತಿ ಒಣಗುವವರೆಗೆ ಕಾಯಬೇಡಿ.

ಯಾವ ಎಣ್ಣೆ?

ಕೊಬ್ಬರಿ ಎಣ್ಣೆಯನ್ನು ಹಳತೆಂದು ಕಡೆಗಣಿಸಬೇಡಿ. 2004ರಲ್ಲಿ ಫಿಲಿಪೈನ್ಸ್ ದೇಶದ ವೈದ್ಯರು ಒಣ ಚರ್ಮದ 34 ಜನರ ಮೇಲೆ ಪರೀಕ್ಷೆ ಮಾಡಿದರು. ದಿನಕ್ಕೆ ಎರಡು ಸಲದಂತೆ ಎರಡು ವಾರ ಹಚ್ಚಿದಾಗ, ಕೊಬ್ಬರಿ ಎಣ್ಣೆ ಖನಿಜ ಎಣ್ಣೆಯಷ್ಟೇ ಗುಣ ಕೊಟ್ಟಿತು. ನಮ್ಮ ಉತ್ತರ ಕರ್ನಾಟಕದ ಕುಸುಬಿ ಎಣ್ಣೆಯೂ ಒಳ್ಳೆಯದೇ. ಚರ್ಮದ ‘ಗಾರೆ’ಗೆ ಬೇಕಾದ ಲಿನೋಲೀಯಿಕ್ ಆಮ್ಲ ನಾಡ ಕುಸುಬಿಯಲ್ಲಿ ಸುಮಾರು ಶೇಕಡಾ 70ರಷ್ಟಿದೆ. ದುಬಾರಿ ಬಾಟಲಿಯೇ ಬೇಕೆಂದಿಲ್ಲ.

ಒಡೆದ ಹಿಮ್ಮಡಕ್ಕೆ ಮುರುಗಲ

ಖಾನಾಪುರದ ಕಾಡಿನ ಕಡೆಯವರಿಗೆ, ಕೊಂಕಣದವರಿಗೆ ಇದು ಹೊಸದಲ್ಲ. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಬೀಜ ಕಾಲಿಗೆ! ಕೋಕಂ ಎಂದರೂ ಇದೇ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ ಆರಿಸಿದರೆ ಮೇಲೆ ಬಿಳಿಯ ಜಿಡ್ಡು ಗಟ್ಟಿಯಾಗಿ ನಿಲ್ಲುತ್ತದೆ. ಇದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದವರೆಗೂ ಕರಗದು. ಹೀಗಾಗಿ ಸೀಳಿನಲ್ಲಿ ಮೇಣದಂತೆ ಕೂತುಬಿಡುತ್ತದೆ.

ಮಾಡುವ ವಿಧಾನ: ಮುರುಗಲ ಜಿಡ್ಡು ಎರಡು ಚಮಚೆ, ಕೊಬ್ಬರಿ ಎಣ್ಣೆ ಎರಡು ಚಮಚೆ. ಎರಡನ್ನೂ ಸಣ್ಣ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಣಗಿದ ಡಬ್ಬಿಗೆ ಹಾಕಿ ಆರಲು ಬಿಡಿ.

ರಾತ್ರಿ ಮಲಗುವ ಮುನ್ನ ಉಗುರುಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ ಪಾದ ಇಟ್ಟು, ದಪ್ಪ ಚರ್ಮವನ್ನು ಕಾಲು ತಿಕ್ಕುವ ಕಲ್ಲಿನಿಂದ ಹಗುರಾಗಿ ತಿಕ್ಕಿ. ಸೀಳಿನ ಮೇಲೆ ತಿಕ್ಕಬಾರದು. ಒರೆಸಿ, ಮುಲಾಮು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಒಂದೇ ರಾತ್ರಿಗೆ ಪವಾಡವಾಗದು. ಎರಡು ವಾರ ಬಿಡದೆ ಮಾಡಿರಿ. ಮುರುಗಲ ಸಿಗದಿದ್ದರೆ ವ್ಯಾಸಲಿನ್ ಆದೀತು. ಬರೀ ದಪ್ಪಗಾಗಿ ಒಡೆಯದಿರುವ ಹಿಮ್ಮಡಕ್ಕೆ ಔಷಧದ ಅಂಗಡಿಯ ಯೂರಿಯಾ ಕ್ರೀಮು ಒಳ್ಳೆಯದು. ಹಸಿ ಸೀಳಿಗೆ ಅದು ಉರಿಯುತ್ತದೆ.

ಕೆಲಸದ ಕೈಗಳಿಗೆ

ಪಾತ್ರೆ, ಬಟ್ಟೆ ಒಂದೇ ಹೊತ್ತಿಗೆ ಮುಗಿಸಿರಿ. ದಿನಕ್ಕೆ ಹತ್ತು ಸಲ ನೀರು, ಸೋಪಿನ ಪುಡಿ ಮುಟ್ಟುವುದು ತಪ್ಪುತ್ತದೆ. ಸಾಧ್ಯವಿದ್ದರೆ ರಬ್ಬರಿನ ಕೈಚೀಲ, ಒಳಗೆ ಹತ್ತಿಯದು. ಪ್ರತಿ ಸಲ ತೊಳೆದ ಮೇಲೆ ಬೆರಳಸಂದು, ಉಂಗುರದ ಅಡಿ ಒರೆಸಬೇಕು.

ಮಗ್ಗದ ಕೆಲಸದವರು ಹಗಲು ಎಣ್ಣೆ ಹಚ್ಚಬೇಡಿ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಮುಲಾಮನ್ನು ದಪ್ಪಗೆ ಸವರಿ, ಹಳೆಯ ಹತ್ತಿಯ ಕೈಚೀಲ ಹಾಕಿ ಮಲಗಿ. ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿ ಉಗುರುಬೆಚ್ಚನೆಯ ನೀರಲ್ಲಿ ತೊಳೆಯಿರಿ. ಹಗಲಿಗೆ ಗ್ಲಿಸರಿನ್ ಒಂದು ಪಾಲು, ಗುಲಾಬಿನೀರು ಎರಡು ಪಾಲು ಕೂಡಿಸಿ ನಾಲ್ಕೇ ಹನಿ ತಿಕ್ಕಿಕೊಂಡು, ಕೈ ಪೂರ್ತಿ ಆರಿದ ಮೇಲೆ ನೂಲು ಮುಟ್ಟಿರಿ. ಒಂದು ಎಚ್ಚರಿಕೆ: ಎಣ್ಣೆ, ವ್ಯಾಸಲಿನ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಆ ಕೈಚೀಲ ಹಾಕಿಕೊಂಡು ಒಲೆಯ ಹತ್ತಿರ ಹೋಗಬೇಡಿ.

ಇವು ಬೇಡ

ಸೀಳಿದ ಚರ್ಮಕ್ಕೆ ನಿಂಬೆರಸ, ಉಪ್ಪು, ಅಡಿಗೆ ಸೋಡಾ ಬೇಡ. ಬ್ಲೇಡಿನಿಂದ ಹಿಮ್ಮಡ ಹೆರೆಯಬೇಡಿ. “ಬಾಜೂ ಮನಿಯವ್ರಿಗೆ ಗುಣಾ ಆತಂತ” ಎಂದು ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚುವುದಂತೂ ಬೇಡವೇ ಬೇಡ. ಮೊದಲು ತುರಿಕೆ ಅಡಗಿದಂತೆ ಕಂಡರೂ ಬರಬರುತ್ತ ಚರ್ಮ ತೆಳ್ಳಗಾಗುತ್ತದೆ, ಗಜಕರ್ಣವಿದ್ದರೆ ಹಬ್ಬುತ್ತದೆ.

ಡಾಕ್ಟರರ ಬಳಿ ಯಾವಾಗ?

ಸಕ್ಕರೆ ಕಾಯಿಲೆಯವರು ಹಿಮ್ಮಡದ ಸಣ್ಣ ಸೀಳನ್ನೂ ಅಲಕ್ಷಿಸಬಾರದು. ಕಾಲಿನ ಸ್ಪರ್ಶ ಕಡಿಮೆಯಾಗಿ ನೋವೇ ತಿಳಿಯದೆ ಗಾಯ ಬೆಳೆಯಬಹುದು. ಹೀಗೆ ಬೆಳೆದ ಗಾಯದಿಂದ ಕಾಲು ಕಳೆದುಕೊಂಡವರುಂಟು. ದಿನವೂ ಪಾದ ನೋಡಿಕೊಳ್ಳಿ, ಕಾಣದಿದ್ದರೆ ಅಡಿಗೆ ಕನ್ನಡಿ ಹಿಡಿಯಿರಿ. ಕೀವು, ಊತ, ಜ್ವರ ಬಂದರೆ ತಡ ಬೇಡ. ಒಣ ಚರ್ಮದ ಜೊತೆಗೆ ಸುಸ್ತು, ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮನೆಯವರಿಗೆಲ್ಲ ರಾತ್ರಿ ಹೊತ್ತು ತುರಿಕೆಯಾದರೆ ಅದು ಕಜ್ಜಿ ಇರಬಹುದು. ಎಣ್ಣೆಗೆ ಬಗ್ಗದು, ಎಲ್ಲರೂ ಒಟ್ಟಿಗೇ ಔಷಧಿ ಮಾಡಬೇಕು. ಎರಡು ಮೂರು ವಾರದ ಮನೆಮದ್ದಿಗೂ ಗುಣ ಕಾಣದಿದ್ದರೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ತೋರಿಸಬಹುದು.

ನೀರು ಕುಡಿಯುವುದು, ಎಳ್ಳು, ಶೇಂಗಾ, ಅಗಸಿ ಚಟ್ನಿ ತಿನ್ನುವುದು ಒಳ್ಳೆಯ ರೂಢಿಯೇ. ಆದರೆ ಕುಡಿದ ನೀರು ಒಡೆದ ಹಿಮ್ಮಡವನ್ನು ಕೂಡಿಸದು. ಮೇಲಿನ ಆರೈಕೆ ಬೇಕೇ ಬೇಕು. ಮನೆಮಂದಿಗೆಲ್ಲ ಊಟ ಬಡಿಸಿ, ಹಾಸಿಗೆ ಹಾಸಿ, ದೀಪ ಆರಿಸುವ ಮುನ್ನ ಹತ್ತು ನಿಮಿಷ ನಿಮ್ಮ ಕೈಕಾಲಿಗೂ ಇರಲಿ. ಅತ್ತೆಯವರ ಪಾದಕ್ಕೂ ಒಂದಿಷ್ಟು ಹಚ್ಚಿರಿ. ಬಗ್ಗಲಾರದ ವಯಸ್ಸಿನಲ್ಲಿ ಆ ಕೆಲಸ ಅವರಿಂದ ಆಗುವುದಿಲ್ಲ.